ರೋಜರ್ ಹೈಮ್

ರೋಜರ್ ಹೈಮ್ (12 ಫೆಬ್ರವರಿ 1900 – 17 ಸೆಪ್ಟೆಂಬರ್ 1979) ಫ್ರಾನ್ಸ್ ದೇಶದ ಶಿಲೀಂಧ್ರ ವಿಜ್ಞಾನಿ. ಹುತ್ತದ ಅಣಬೆಗಳಿಗೆ ಟರ್ಮಿಟೋಮೈಸಿಸ್ ಎಂಬ ಪ್ರತ್ಯೇಕ ಕುಲವನ್ನು 1942ರಲ್ಲಿ ಸ್ಥಾಪಿಸಿದವರು. ರಾಮನಗರ, ಮಾಗಡಿ ಮೊದಲಾದ ಹಳೆ ಮೈಸೂರು ಭಾಗದ ಹಳ್ಳಿಗರು ಮಳೆಗಾಲದಲ್ಲಿ ಹುಡುಕಿ ತಂದು ಸಾರು ಮಾಡುವ ಹುತ್ತದ ಅಣಬೆ ಈ ಕುಲಕ್ಕೆ ಸೇರಿದುದು.

ಜನನ ಮತ್ತು ಶಿಕ್ಷಣ

ಪ್ಯಾರಿಸ್‌ನಲ್ಲಿ ಜನಿಸಿದ ಹೈಮ್ ಮೊದಲು ಎಂಜಿನಿಯರಿಂಗ್ ಪದವಿ ಪಡೆದು, ಅನಂತರ ಶಿಲೀಂಧ್ರಗಳ ಅಧ್ಯಯನಕ್ಕೆ ತಿರುಗಿದರು. ವಿಷಕಾರಿ ಪ್ರಭೇದಗಳು ಹೆಚ್ಚಾಗಿರುವ ಇನೋಸೈಬಿ ಕುಲದ ಕುರಿತ ಅವರ ಪ್ರೌಢಪ್ರಬಂಧ 1931ರಲ್ಲಿ ಪ್ರಕಟವಾಯಿತು.

ಸೆರೆವಾಸ ಮತ್ತು ವೃತ್ತಿಜೀವನ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ರತಿರೋಧ ಚಳವಳಿಯಲ್ಲಿ ತೊಡಗಿದ್ದ ಹೈಮ್ ಅವರನ್ನು ನಾಜಿಗಳು ಬಂಧಿಸಿ ಬುಖೆನ್‌ವಾಲ್ಡ್ ಮತ್ತು ಮೌಟ್‌ಹೌಸೆನ್ ಯಾತನಾ ಶಿಬಿರಗಳಿಗೆ ಸಾಗಿಸಿದರು. ಅಲ್ಲಿಂದ ಬದುಕಿ ಬಂದ ಅವರು 1951ರಿಂದ 1965ರವರೆಗೆ ಪ್ಯಾರಿಸ್‌ನ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯದ ನಿರ್ದೇಶಕರಾಗಿದ್ದರು. 1954ರಿಂದ 1958ರವರೆಗೆ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಅಧ್ಯಕ್ಷರೂ ಆಗಿದ್ದರು. ಮೆಕ್ಸಿಕೋದ ಭ್ರಮಾಜನಕ ಅಣಬೆಗಳನ್ನು ಗುರುತಿಸಿ ಪ್ರಯೋಗಾಲಯದಲ್ಲಿ ಬೆಳೆಸಿದರು.

ಹುತ್ತದ ಅಣಬೆಗಳ ಅಧ್ಯಯನ

ಹೈಮ್ ಅವರಿಗಿಂತ ಮೊದಲು ಹುತ್ತದ ಅಣಬೆಗಳನ್ನು ಬೇರೆ ಬೇರೆ ಕುಲಗಳಲ್ಲಿ ಸೇರಿಸಲಾಗಿತ್ತು. ಉದಾಹರಣೆಗೆ, ಸಿಲೋನಿನಿಂದ ಬಂದ ಒಂದು ಪ್ರಭೇದವನ್ನು ಬರ್ಕ್ಲಿ 1847ರಲ್ಲಿ ಅಗಾರಿಕಸ್ ಎಂದೇ ಹೆಸರಿಸಿದ್ದರು. ಗೆದ್ದಲುಗಳು ಸಸ್ಯಗಳ ಚೂರನ್ನು ತಂದು ನೆಲದೊಳಗೆ ಗೂಡು ಕಟ್ಟಿ, ಅದರ ಮೇಲೆ ಶಿಲೀಂಧ್ರವನ್ನು ಬೆಳೆಸುತ್ತವೆ. ಮಳೆ ಬಿದ್ದಾಗ ಆ ಶಿಲೀಂಧ್ರವೇ ಅಣಬೆಯಾಗಿ ಮೇಲೇಳುತ್ತದೆ. ಈ ಸಹಜೀವನವನ್ನೂ ಬೀಜಕಗಳ ತಿಳಿ ಗುಲಾಬಿ ಬಣ್ಣವನ್ನೂ ಗಮನಿಸಿ ಹೈಮ್ ಇವನ್ನು ಒಂದೇ ಕುಲಕ್ಕೆ ತಂದರು. 1977ರಲ್ಲಿ ಗೆದ್ದಲು ಮತ್ತು ಅಣಬೆಗಳ ಸಂಬಂಧದ ಕುರಿತು ಗ್ರಂಥವನ್ನು ಪ್ರಕಟಿಸಿದರು.

ಗುರುತಿಸುವಿಕೆಯಲ್ಲಿ ಮಹತ್ವ

ಟೋಪಿಯ ಆಕಾರವನ್ನು ಮಾತ್ರ ನೋಡಿ ಅಣಬೆಯನ್ನು ನಿರ್ಧರಿಸುವುದು ಅಪಾಯಕಾರಿ. ಹುತ್ತದ ಅಣಬೆಯ ಬಹುತೇಕ ಪ್ರಭೇದಗಳಲ್ಲಿ ಟೋಪಿಯ ನಡುವೆ ಮೊನಚಾದ ಉಬ್ಬು ಇರುತ್ತದೆ; ಕಾಂಡವು ಬೇರಿನಂತೆ ನೀಳವಾಗಿ ಗೆದ್ದಲ ಗೂಡನ್ನು ಮುಟ್ಟುತ್ತದೆ. ನೋಟಕ್ಕೆ ಬೆಳ್ಳಗಿರುವ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ವಿಷಕಾರಿಯಾಗಿದ್ದು, ಅದರ ಬೀಜಕಗಳು ಹಸಿರಾಗಿರುತ್ತವೆ. ಆದ್ದರಿಂದ ಅಣಬೆಯನ್ನು ಮುರಿಯದೆ ಬುಡಸಮೇತ ಅಗೆದು ಪರೀಕ್ಷಿಸುವುದು ಅಗತ್ಯ. ಇಷ್ಟು ಲಕ್ಷಣಗಳು ಹೊಂದಿದರೂ ಅನುಭವಿಗಳಿಂದ ಖಚಿತಪಡಿಸಿಕೊಳ್ಳದೆ ಸೇವಿಸಬಾರದು.

ನಿಧನ ಮತ್ತು ಸ್ಮರಣೆ

ಹೈಮ್ 1979ರಲ್ಲಿ ನಿಧನರಾದರು. ಅದೇ ವರ್ಷ ದಕ್ಷಿಣ ಭಾರತದ ಒಂದು ಹುತ್ತದ ಅಣಬೆಗೆ ನಟರಾಜನ್ ಅವರು ಟರ್ಮಿಟೋಮೈಸಿಸ್ ಹೈಮಿ ಎಂದು ಹೆಸರಿಟ್ಟರು. ಕರ್ನಾಟಕದಲ್ಲಿಯೂ ಕಂಡುಬರುವ ಈ ಅಣಬೆ ಖಾದ್ಯ ಪ್ರಭೇದವಾಗಿದೆ.