ಡೆಲಿಯಾ ಡರ್ಬಿಶೈರ್

ಡೆಲಿಯಾ ಡರ್ಬಿಶೈರ್ (೫ ಮೇ ೧೯೩೭ – ೩ ಜುಲೈ ೨೦೦೧) ಇಂಗ್ಲೆಂಡಿನ ವಿದ್ಯುನ್ಮಾನ ಸಂಗೀತದ ಮೊದಲ ತಲೆಮಾರಿನ ಪ್ರಮುಖರಲ್ಲಿ ಒಬ್ಬರು. ಬಿಬಿಸಿ ದೂರದರ್ಶನದ 'ಡಾಕ್ಟರ್ ಹೂ' ಧಾರಾವಾಹಿಯ ಶೀರ್ಷಿಕೆ ಸಂಗೀತಕ್ಕೆ ೧೯೬೩ರಲ್ಲಿ ನಾದರೂಪ ಕೊಟ್ಟವರು ಇವರು. ಆ ಸಂಗೀತವು ಹಲವು ದೇಶಗಳ ವೀಕ್ಷಕರಿಗೆ ಚಿರಪರಿಚಿತವಾಯಿತು. ಆದರೆ ಅದರ ಸಲುವಾಗಿ ಇವರ ಹೆಸರು ತೆರೆಯ ಮೇಲೆ ಕಾಣಿಸಿಕೊಂಡದ್ದು ಐವತ್ತು ವರ್ಷಗಳ ತರುವಾಯ, ಇವರು ತೀರಿಕೊಂಡ ಮೇಲೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಡರ್ಬಿಶೈರ್ ಹುಟ್ಟಿದ್ದು ಕೊವೆಂಟ್ರಿ ನಗರದ ಶ್ರಮಿಕ ಕುಟುಂಬವೊಂದರಲ್ಲಿ. ತಂದೆ ಲೋಹದ ತಗಡಿನ ಕೆಲಸಗಾರರು. ೧೯೪೦ರ ನವೆಂಬರಿನಲ್ಲಿ ಜರ್ಮನ್ ವಿಮಾನಗಳು ಕೊವೆಂಟ್ರಿಯ ಮೇಲೆ ಭೀಕರ ಬಾಂಬು ದಾಳಿ ನಡೆಸಿದಾಗ ಇವರಿಗೆ ಮೂರು ವರ್ಷ. ದಾಳಿಯ ಮುನ್ಸೂಚನೆಯಾಗಿ ಏರಿಳಿಯುತ್ತಿದ್ದ ಸೈರನ್ನಿನ ಕೂಗೇ ತಾವು ಕೇಳಿದ ಮೊದಲ ವಿದ್ಯುನ್ಮಾನ ಸಂಗೀತವೆಂದು ಇವರು ಮುಂದೆ ನೆನೆಯುತ್ತಿದ್ದರು. ದಾಳಿಯ ಅನಂತರ ಇವರನ್ನು ಪ್ರೆಸ್ಟನ್ ಪಟ್ಟಣಕ್ಕೆ ಕಳುಹಿಸಲಾಯಿತು.

ಓದಿನಲ್ಲಿ ಮುಂದಿದ್ದ ಡರ್ಬಿಶೈರ್ ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಗಣಿತ ವ್ಯಾಸಂಗಕ್ಕೆ ವಿದ್ಯಾರ್ಥಿವೇತನ ಪಡೆದರು. ಶ್ರಮಿಕ ವರ್ಗದ ಹೆಣ್ಣುಮಗಳಿಗೆ ಅಂದು ಇದು ಸುಲಭದ ಮಾತಾಗಿರಲಿಲ್ಲ. ಒಂದು ವರ್ಷದ ಬಳಿಕ ಸಂಗೀತಕ್ಕೆ ಬದಲಿಸಿಕೊಂಡು, ೧೯೫೯ರಲ್ಲಿ ಗಣಿತ ಮತ್ತು ಸಂಗೀತಗಳಲ್ಲಿ ಪದವಿ ಪಡೆದರು. ಡೆಕ್ಕಾ ಧ್ವನಿಮುದ್ರಣ ಸಂಸ್ಥೆಯಲ್ಲಿ ಕೆಲಸ ಕೇಳಿದಾಗ, ಸ್ಟುಡಿಯೋಗಳಿಗೆ ಸ್ತ್ರೀಯರನ್ನು ನೇಮಿಸಿಕೊಳ್ಳುವ ಪದ್ಧತಿಯಿಲ್ಲವೆಂಬ ಉತ್ತರ ದೊರೆಯಿತು. ಜಿನೀವಾದಲ್ಲಿ ಕೆಲಕಾಲ, ಕೊವೆಂಟ್ರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಕಾಲ ದುಡಿದು, ೧೯೬೦ರ ಕೊನೆಯಲ್ಲಿ ಬಿಬಿಸಿಯನ್ನು ಸೇರಿದರು.

ರೇಡಿಯೋಫೋನಿಕ್ ವರ್ಕ್‌ಶಾಪ್

ಲಂಡನ್ನಿನ ಮೈಡಾ ವೇಲ್ ಸ್ಟುಡಿಯೋಗಳಲ್ಲಿದ್ದ ರೇಡಿಯೋಫೋನಿಕ್ ವರ್ಕ್‌ಶಾಪ್ ಬಾನುಲಿ ಹಾಗೂ ದೂರದರ್ಶನ ಕಾರ್ಯಕ್ರಮಗಳಿಗೆ ಬೇಕಾದ ವಿಶೇಷ ಧ್ವನಿಗಳನ್ನು ತಯಾರಿಸುವ ವಿಭಾಗ. ಸಾಮಾನ್ಯವಾಗಿ ಸಿಬ್ಬಂದಿಯನ್ನು ಅಲ್ಲಿಗೆ ನಿಯೋಜಿಸಲಾಗುತ್ತಿತ್ತು. ಡರ್ಬಿಶೈರ್ ತಾವಾಗಿ ಕೇಳಿಕೊಂಡು ೧೯೬೨ರಲ್ಲಿ ಅಲ್ಲಿಗೆ ಹೋದರು. ಮುಂದಿನ ಹನ್ನೊಂದು ವರ್ಷಗಳಲ್ಲಿ ಸುಮಾರು ೨೦೦ ಕಾರ್ಯಕ್ರಮಗಳಿಗೆ ಧ್ವನಿ ಮತ್ತು ಸಂಗೀತ ಒದಗಿಸಿದರು. ವಿಭಾಗದವರ ಹೆಸರುಗಳನ್ನು ಬಿಡಿಯಾಗಿ ಪ್ರಕಟಿಸುವ ರೂಢಿ ಇರಲಿಲ್ಲ. ಯಾರು ಮಾಡಿದ ಕೆಲಸವಾದರೂ ವರ್ಕ್‌ಶಾಪಿನ ಹೆಸರಿನಲ್ಲೇ ಹೊರಬೀಳುತ್ತಿತ್ತು.

ಡಾಕ್ಟರ್ ಹೂ ಶೀರ್ಷಿಕೆ ಸಂಗೀತ

ಕಾಲಸಂಚಾರಿಯೊಬ್ಬನ ಕಥೆಯಾದ ಈ ಧಾರಾವಾಹಿಗೆ ಶೀರ್ಷಿಕೆ ಸಂಗೀತವನ್ನು ರಚಿಸುವ ಹೊಣೆ ಆಸ್ಟ್ರೇಲಿಯಾ ಮೂಲದ ರಾನ್ ಗ್ರೇನರ್ ಅವರದಾಗಿತ್ತು. ಅವರು ಬರೆದು ಕೊಟ್ಟದ್ದು ಒಂದೇ ಹಾಳೆಯಷ್ಟು ಸ್ವರಲಿಪಿ: ಮಂದ್ರದಲ್ಲಿ ಮರುಕಳಿಸುವ ಲಯ, ಅದರ ಮೇಲೆ ತೇಲುವ ರಾಗ, ಜೊತೆಗೆ ಮೋಡ, ಗಾಳಿಗುಳ್ಳೆ ಮುಂತಾದ ಸೂಚನೆಗಳು. ಮೋಡ ಹೇಗೆ ಕೇಳಿಸಬೇಕು ಎಂಬುದನ್ನು ನಿರ್ಧರಿಸುವ ಕೆಲಸ ಡರ್ಬಿಶೈರ್ ಅವರ ಪಾಲಿಗೆ ಬಂತು. ಡಿಕ್ ಮಿಲ್ಸ್ ಸಹಾಯಕರಾಗಿದ್ದರು.

ವರ್ಕ್‌ಶಾಪಿನಲ್ಲಿ ಆಗ ಸಿಂಥಸೈಸರ್ ಇರಲಿಲ್ಲ. ಬಹುಪಥ ಧ್ವನಿಮುದ್ರಣ ಯಂತ್ರವೂ ಇರಲಿಲ್ಲ. ಮಂದ್ರ ಸ್ವರಗಳಿಗೆ ಆಧಾರವಾದದ್ದು ಮೀಟಿದ ಒಂದು ತಂತಿಯ ನಾದ. ಅದನ್ನು ಟೇಪಿನಲ್ಲಿ ಮುದ್ರಿಸಿಕೊಂಡು, ಟೇಪಿನ ವೇಗವನ್ನು ಹೆಚ್ಚಿಸಿ ತಗ್ಗಿಸಿ ಬೇರೆ ಬೇರೆ ಸ್ವರಸ್ಥಾನಗಳನ್ನು ಪಡೆದರು. ಮೇಲಿನ ರಾಗ ಪರೀಕ್ಷಾ ಉಪಕರಣಗಳಾದ ಆಸಿಲೇಟರುಗಳಿಂದ ಬಂತು. ಎಲ್ಲ ಕಂಪನಾಂಕಗಳೂ ಕಲೆತ ಭೋರ್ಗರೆತವನ್ನು ಸೋಸಿ ಮೋಡ ಮತ್ತು ಗುಳ್ಳೆಗಳನ್ನು ಸೃಷ್ಟಿಸಿದರು. ಒಂದೊಂದು ಸ್ವರಕ್ಕೂ ಅದರ ಕಾಲಪ್ರಮಾಣಕ್ಕೆ ತಕ್ಕಷ್ಟು ಉದ್ದದ ಟೇಪನ್ನು ಅಳೆದು, ಕತ್ತರಿಸಿ, ಅಂಟಿಸಲಾಯಿತು. ಗಣಿತದ ವಿದ್ಯಾರ್ಥಿನಿಗೆ ಇದು ಒಗ್ಗುವ ಕೆಲಸ. ಹೀಗೆ ಸಿದ್ಧವಾದ ಪದರಗಳನ್ನು ಬೇರೆ ಬೇರೆ ಯಂತ್ರಗಳಿಗೆ ಹಾಕಿ ಏಕಕಾಲಕ್ಕೆ ಚಾಲನೆ ಕೊಟ್ಟು ಒಂದುಗೂಡಿಸಿದರು. ಎಲ್ಲಿಯೋ ಒಂದು ಸ್ವರ ತಪ್ಪಿದಾಗ ಟೇಪುಗಳನ್ನು ಉದ್ದನೆಯ ಮೊಗಸಾಲೆಯಲ್ಲಿ ಬಿಚ್ಚಿ ಹಾಸಿ, ಅಂಟುಗಳನ್ನು ಒಂದೊಂದಾಗಿ ತಾಳೆ ನೋಡುತ್ತ ನಡೆದು, ದೋಷವನ್ನು ಪತ್ತೆ ಮಾಡಿದರು.

ಬರ್ನಾರ್ಡ್ ಲಾಡ್ಜ್ ರೂಪಿಸಿದ ಆರಂಭದ ದೃಶ್ಯವೂ ಇದೇ ಜಾತಿಯದು. ಕ್ಯಾಮೆರಾವನ್ನು ಅದರದೇ ಚಿತ್ರ ತೋರುವ ಪರದೆಗೆ ಎದುರಾಗಿಸಿದಾಗ ಹುಟ್ಟುವ ಬೆಳಕಿನ ಸುರುಳಿಗಳೇ ಅದರಲ್ಲಿ ಕಾಣುತ್ತವೆ. ೨೩ ನವೆಂಬರ್ ೧೯೬೩ರಂದು ಮೊದಲ ಕಂತು ಪ್ರಸಾರವಾಯಿತು.

ಪೂರ್ಣರೂಪವನ್ನು ಕೇಳಿದ ಗ್ರೇನರ್, ಇದು ತಮ್ಮದೇ ರಚನೆಯೇ ಎಂದು ಬೆರಗಾದರು. ಡರ್ಬಿಶೈರ್ ಅವರನ್ನು ಸಹರಚನಕಾರರೆಂದು ಮಾನ್ಯ ಮಾಡಿಸಲು ಪ್ರಯತ್ನಿಸಿದರು. ಬಿಬಿಸಿಯ ನಿಯಮಗಳು ಅದಕ್ಕೆ ಆಸ್ಪದ ಕೊಡಲಿಲ್ಲ. ತೆರೆಯ ಮೇಲೆ ಬಂದದ್ದು ಗ್ರೇನರ್ ಅವರ ಹೆಸರು ಮತ್ತು ವರ್ಕ್‌ಶಾಪಿನ ಹೆಸರು. ಡರ್ಬಿಶೈರ್ ಅವರಿಗೆ ಉಳಿದದ್ದು ಮಾಸಿಕ ಸಂಬಳ. ಸ್ವರಲಿಪಿ ಬರೆದವರನ್ನು ಮಾತ್ರ ಕರ್ತೃವೆಂದು ಎಣಿಸುವ ಈ ಲೆಕ್ಕವು ವಾದ್ಯಗಳಿಗೆ ಬರೆದ ಸಂಗೀತಕ್ಕೆ ಹೊಂದೀತು. ನಾದವನ್ನೇ ಹೊಸದಾಗಿ ನಿರ್ಮಿಸಬೇಕಾದ ಈ ಕೃತಿಗೆ ಅದು ಸಲ್ಲದು. ಇವರ ರೂಪವೇ ಅಲ್ಪಸ್ವಲ್ಪ ಮಾರ್ಪಾಡುಗಳೊಡನೆ ೧೯೮೦ರವರೆಗೆ ಬಳಕೆಯಲ್ಲಿತ್ತು. ಆ ವರ್ಷ ಪೀಟರ್ ಹೊವೆಲ್ ಅವರು ಸಿಂಥಸೈಸರುಗಳಿಂದ ಮಾಡಿದ ಹೊಸ ರೂಪ ಅದರ ಸ್ಥಾನಕ್ಕೆ ಬಂತು.

ಇತರ ಕೃತಿಗಳು

ಕವಿ, ನಾಟಕಕಾರ ಬ್ಯಾರಿ ಬರ್ಮೆಂಜ್ ಅವರೊಡನೆ ಸೇರಿ ೧೯೬೪ರಲ್ಲಿ ಮಾಡಿದ 'ದ ಡ್ರೀಮ್ಸ್' ಬಾನುಲಿ ಕೃತಿಯಲ್ಲಿ ಜನಸಾಮಾನ್ಯರು ತಮ್ಮ ಕನಸುಗಳನ್ನು ಹೇಳಿಕೊಳ್ಳುವ ಮಾತುಗಳನ್ನು ತುಂಡರಿಸಿ, ಜೋಡಿಸಿ, ನಾದದ ನಡುವೆ ಪೋಣಿಸಲಾಗಿದೆ. ಸಹಾರಾದ ತುವಾರೆಗ್ ಜನರ ಕುರಿತ ಸಾಕ್ಷ್ಯಚಿತ್ರಕ್ಕೆ ಮಾಡಿದ 'ಬ್ಲೂ ವೇಲ್ಸ್ ಅಂಡ್ ಗೋಲ್ಡನ್ ಸ್ಯಾಂಡ್ಸ್' ಇವರ ಅತ್ಯುತ್ತಮ ರಚನೆಯೆನ್ನಬಹುದು. ಕಚೇರಿಯ ಹಳೆಯ ಹಸಿರು ದೀಪದ ಲೋಹದ ಮುಚ್ಚಳವನ್ನು ತಟ್ಟಿ, ಆ ಅನುರಣನವನ್ನು ಬಿಡಿಸಿ ಮತ್ತೆ ಆಸಿಲೇಟರುಗಳಿಂದ ಕಟ್ಟಿ, ಮರುಭೂಮಿಯ ಒಂಟೆಸಾಲಿನ ಚಿತ್ರಕ್ಕೆ ಹೊಂದಿಸಿದರು. ಬಿಬಿಸಿಯ ಹೊರಗೆ 'ವೈಟ್ ನಾಯ್ಸ್' ತಂಡದ 'ಆನ್ ಎಲೆಕ್ಟ್ರಿಕ್ ಸ್ಟಾರ್ಮ್' (೧೯೬೯) ಧ್ವನಿಮುದ್ರಿಕೆಯಲ್ಲೂ ಭಾಗಿಯಾದರು.

ಕೊನೆಯ ವರ್ಷಗಳು

೧೯೭೩ರಲ್ಲಿ ಬಿಬಿಸಿಯನ್ನು ತೊರೆದ ಡರ್ಬಿಶೈರ್ ಬೇಗನೆ ಸಂಗೀತದಿಂದಲೇ ದೂರವಾದರು. ಅನಿಲ ಕೊಳವೆಮಾರ್ಗ ಹಾಕುವ ಕಾಮಗಾರಿಯಲ್ಲಿ ರೇಡಿಯೋ ಸಂದೇಶವಾಹಕರಾಗಿ, ಕಂಬ್ರಿಯಾದ ಚಿತ್ರಶಾಲೆಯೊಂದರಲ್ಲಿ ಸಹಾಯಕರಾಗಿ ದುಡಿದರು. ಬಳಿಕ ನಾರ್ಥಾಂಪ್ಟನ್‌ನಲ್ಲಿ ನೆಲೆಸಿದರು. ತೊಂಬತ್ತರ ದಶಕದಲ್ಲಿ ಕಿರಿಯ ಸಂಗೀತಗಾರರು ಇವರನ್ನು ಹುಡುಕಿಕೊಂಡು ಬರತೊಡಗಿದಾಗ ಮತ್ತೆ ನಾದರಚನೆಗೆ ಮನಸ್ಸು ಮಾಡಿದರು. ಆದರೆ ಆರೋಗ್ಯ ಕೈಕೊಟ್ಟಿತ್ತು. ೨೦೦೧ರ ಜುಲೈ ೩ರಂದು, ತಮ್ಮ ೬೪ನೆಯ ವಯಸ್ಸಿನಲ್ಲಿ, ಮೂತ್ರಪಿಂಡಗಳ ವೈಫಲ್ಯದಿಂದ ನಿಧನರಾದರು.

ಇವರ ಮನೆಯ ಅಟ್ಟದಲ್ಲಿ, ಉಪಾಹಾರ ಧಾನ್ಯದ ರಟ್ಟಿನ ಪೆಟ್ಟಿಗೆಗಳೊಳಗೆ, ೨೬೭ ಟೇಪು ಸುರುಳಿಗಳು ದೊರೆತವು. ಅವು ಈಗ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂರಕ್ಷಣೆಯಲ್ಲಿವೆ. ೨೦೧೩ರಲ್ಲಿ ಡಾಕ್ಟರ್ ಹೂ ಸುವರ್ಣ ಮಹೋತ್ಸವದ ವಿಶೇಷ ಕಂತಿನ ಕೊನೆಯಲ್ಲಿ ಶೀರ್ಷಿಕೆ ಸಂಗೀತಕ್ಕೆ ಸಂಬಂಧಿಸಿ ಇವರ ಹೆಸರು ಮೊದಲ ಬಾರಿಗೆ ತೆರೆಯ ಮೇಲೆ ಬಂತು. ೨೦೧೭ರಲ್ಲಿ ಕೊವೆಂಟ್ರಿ ವಿಶ್ವವಿದ್ಯಾಲಯವು ಮರಣೋತ್ತರ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷ ಆ ನಗರದಲ್ಲಿ ಇವರ ಬಾಲ್ಯದ ಮನೆಗೆ ಸ್ಮಾರಕ ಫಲಕವನ್ನು ಹಾಕಲಾಯಿತು.