ತರುಣ ಶಿಕ್ಷಕ ಬೇಂದ್ರೆ

ಮನುಷ್ಯನ ಬಾಳಿನಲ್ಲಿ ಒಂದು ಸಂಧಿಕಾಲವುಂಟು. ವಿದ್ಯಾಭ್ಯಾಸ ಮುಗಿದಿರುತ್ತದೆ, ಸಂಪಾದನೆ ಆಗತಾನೇ ಮೊದಲಾಗಿರುತ್ತದೆ. ಅಲ್ಲಿಯವರೆಗೆ ಹಿರಿಯರ ನೆರಳಿನಲ್ಲಿ ಬೆಳೆದವನು ಇನ್ನು ತಾನೇ ಹಲವರಿಗೆ ನೆರಳಾಗಬೇಕಾಗುತ್ತದೆ. ಯಾರ ಜೊತೆಗೂಡಿ ನಡೆಯಬೇಕು, ಯಾವುದಕ್ಕಾಗಿ ದುಡಿಯಬೇಕು, ಯಾವುದಕ್ಕಾಗಿ ಕಷ್ಟಪಡಬೇಕು ಎಂಬುದನ್ನು ಅವನು ಈ ಕಾಲದಲ್ಲಿ ಗೊತ್ತುಮಾಡಿಕೊಳ್ಳುತ್ತಾನೆ. ಮುಂದಿನ ಬಾಳಿಗೆ ತಳಹದಿ ಬೀಳುವುದೂ ಇಲ್ಲಿಯೇ. ವರಕವಿಯೆಂದು ನಾಡಿನಲ್ಲೆಲ್ಲ ಹೆಸರಾದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಜೀವನದಲ್ಲಿ ಈ ಸಂಧಿಕಾಲವು ಧಾರವಾಡದ ಒಂದು ಶಾಲೆಯಲ್ಲಿ ಆರಂಭವಾಯಿತು.

ಬೇಂದ್ರೆಯವರು ೧೮೯೬ರ ಜನವರಿ ೩೧ರಂದು ಧಾರವಾಡದಲ್ಲಿ ಜನಿಸಿದರು. ತಂದೆ ರಾಮಚಂದ್ರಭಟ್ಟರು, ತಾಯಿ ಅಂಬಿಕೆ. ಮನೆತನವು ವೈದಿಕ ವಿದ್ಯೆಗೆ ಹೆಸರಾದುದು, ಆದರೆ ಸಿರಿವಂತಿಕೆಯದಲ್ಲ. ದತ್ತಾತ್ರೇಯನು ಇನ್ನೂ ಬಾಲಕನಾಗಿರುವಾಗಲೇ ತಂದೆ ತೀರಿಕೊಂಡರು. ಗಂಡುಮಕ್ಕಳಲ್ಲಿ ಅವನೇ ಹಿರಿಯ. ಆಸರೆ ತಪ್ಪಿದ ಸಂಸಾರದ ಭಾರವು ಅಜ್ಜಿ ಮತ್ತು ತಾಯಿಯ ಹೆಗಲಿಗೆ ಬಿತ್ತು. ಅವರು ಖಾನಾವಳಿ ನಡೆಸಿ, ಪರರಿಗೆ ಅನ್ನ ಬೇಯಿಸಿಹಾಕಿ, ಅದರಿಂದ ಬಂದುದರಲ್ಲಿ ಮಕ್ಕಳನ್ನು ಸಾಕಿದರು. ಒಲೆಯ ಮುಂದೆ ದುಡಿದ ಆ ಕೈಗಳ ಋಣವನ್ನು ಬೇಂದ್ರೆಯವರು ಎಂದೂ ಮರೆಯಲಿಲ್ಲ. ಕವಿಯಾದಾಗ ಅವರು ತಮಗಾಗಿ ಆರಿಸಿಕೊಂಡ ಹೆಸರು ‘ಅಂಬಿಕಾತನಯದತ್ತ’. ಅಂಬಿಕೆಯ ಮಗನಾದ ದತ್ತ ಎಂಬುದೇ ಅದರ ಅರ್ಥ. ತಾಯಿಯ ಹೆಸರು ಹೀಗೆ ಮಗನ ಕಾವ್ಯದೊಡನೆ ಶಾಶ್ವತವಾಗಿ ನಿಂತಿತು.

೧೯೧೩ರಲ್ಲಿ ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಚಿಕ್ಕಪ್ಪ ಬಂಡೋಪಂತರ ನೆರವಿನಿಂದ ಪುಣೆಗೆ ಹೋಗಿ ಫರ್ಗ್ಯುಸನ್ ಕಾಲೇಜನ್ನು ಸೇರಿದರು. ಪುಣೆ ಆಗ ವಿದ್ಯೆಗೂ ದೇಶಾಭಿಮಾನಕ್ಕೂ ತವರಾಗಿತ್ತು. ಅಲ್ಲಿ ಮರಾಠಿ ಭಾಷೆಯು ಪತ್ರಿಕೆ, ನಾಟಕ, ಕಾವ್ಯ, ಸಭೆಗಳಲ್ಲೆಲ್ಲ ತಲೆಯೆತ್ತಿ ನಡೆಯುತ್ತಿದ್ದಿತು. ಬೇಂದ್ರೆಯವರ ಮನೆಮಾತೂ ಮರಾಠಿಯೇ. ಆ ಭಾಷೆಯಲ್ಲಿಯೇ ಬರೆದು ಅಲ್ಲಿಯೇ ನೆಲೆಸಿದ್ದರೆ ಯಾರೂ ಆಶ್ಚರ್ಯಪಡುವಂತಿರಲಿಲ್ಲ. ಆದರೆ ೧೯೧೮ರಲ್ಲಿ ಬಿ.ಎ. ಪದವಿಯನ್ನು ಪಡೆದ ಅವರು ಹುಟ್ಟೂರಿಗೆ ಹಿಂದಿರುಗಿ, ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ ವಯಸ್ಸು.

ಅಂದಿನ ಧಾರವಾಡದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಕನ್ನಡನಾಡು ಆಗ ಒಂದು ಆಡಳಿತದಲ್ಲಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕಚೇರಿಗಳಲ್ಲಿ ಇಂಗ್ಲಿಷಿನ ದೊರೆತನ, ಓದಿದವರಲ್ಲಿ ಮರಾಠಿಯ ಮನ್ನಣೆ. ಕನ್ನಡವು ತನ್ನ ನೆಲದಲ್ಲಿಯೇ ಹಿಂದಿನ ಸಾಲಿನಲ್ಲಿ ಕುಳಿತಂತಿತ್ತು. ೧೮೯೦ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಈ ಕೊರತೆಯನ್ನು ನೀಗಲು ಶ್ರಮಿಸುತ್ತಿದ್ದಿತು. ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಬರೆದು, ನಾಡಿನ ಹಿರಿಮೆಯನ್ನು ಜನರ ಕಣ್ಣಮುಂದೆ ನಿಲ್ಲಿಸಿದ್ದರು. ಇನ್ನೊಂದು ಕಡೆ ಸ್ವಾತಂತ್ರ್ಯದ ಹೋರಾಟವೂ ಊರನ್ನು ತಟ್ಟಿತ್ತು. ೧೯೨೧ರ ಜುಲೈ ತಿಂಗಳಿನಲ್ಲಿ ಪೊಲೀಸರು ಗುಂಡು ಹಾರಿಸಿದಾಗ ಧಾರವಾಡದ ಬೀದಿಯಲ್ಲಿಯೇ ಜೀವಗಳು ಬಲಿಯಾದವು. ಕಣ್ಣು ತೆರೆದಿದ್ದ ಯಾವ ತರುಣನೂ ಇವುಗಳಿಂದ ದೂರವುಳಿಯುವುದು ಸಾಧ್ಯವಿರಲಿಲ್ಲ.

ಬೇಂದ್ರೆಯವರ ದಿನಗಳು ಈಗ ಎರಡು ಎಳೆಗಳಿಂದ ನೇಯಲ್ಪಟ್ಟವು. ಒಂದು, ಶಾಲೆ ಮತ್ತು ಮನೆ. ಅಂದಿನ ಶಿಕ್ಷಕವೃತ್ತಿಯಲ್ಲಿ ಗೌರವವಿತ್ತು, ಹಣವಿರಲಿಲ್ಲ. ೧೯೧೯ರಲ್ಲಿ ಅವರಿಗೆ ಲಕ್ಷ್ಮೀಬಾಯಿಯವರೊಡನೆ ವಿವಾಹವಾಯಿತು. ವಿದ್ಯೆಗೆ ನೆರವಾದ ಹಿರಿಯರ ನಿರೀಕ್ಷೆ, ಹೊಸದಾಗಿ ಹೂಡಿದ ಸಂಸಾರದ ಬೇಡಿಕೆ ಇವೆಲ್ಲವನ್ನೂ ತರುಣ ಶಿಕ್ಷಕನು ತನ್ನ ಸಣ್ಣ ವರಮಾನದಲ್ಲಿ ಸರಿದೂಗಿಸಬೇಕಾಗಿತ್ತು. ಎರಡನೆಯ ಎಳೆ, ಕಾವ್ಯ ಮತ್ತು ಗೆಳೆತನ. ಶಾಲೆಯ ಗಂಟೆ ಬಾರಿಸಿದ ಮೇಲೆ ಅವರ ಇನ್ನೊಂದು ದಿನವೇ ಆರಂಭವಾಗುತ್ತಿತ್ತು.

ಅವರು ಕನ್ನಡವನ್ನು ಕೇವಲ ಪುಸ್ತಕಗಳಿಂದ ಕಲಿತವರಲ್ಲ. ಧಾರವಾಡದ ಓಣಿಗಳಲ್ಲಿ ಹೆಣ್ಣುಮಕ್ಕಳು ಆಡುವ ಮಾತು, ಬೀಸುವಾಗ ಕುಟ್ಟುವಾಗ ಹಾಡುವ ಹಾಡು, ಲಾವಣಿಕಾರರ ಲಯ, ಸಂತೆಯ ಗದ್ದಲ, ಸಾಧುಸಂತರ ಪದಗಳು ಇವೆಲ್ಲ ಅವರಿಗೆ ಪಾಠವಾದವು. ಶಾಲೆಯಲ್ಲಿ ಅವರು ಗುರುಗಳು. ಹೊರಗೆ ಬಂದರೆ ನಾಡಿನ ಜನರ ಶಿಷ್ಯರು. ಗ್ರಾಂಥಿಕರು ಕೀಳೆಂದು ಬದಿಗಿಟ್ಟಿದ್ದ ಆಡುನುಡಿಯಲ್ಲಿ ಮಂತ್ರದ ಶಕ್ತಿಯಿದೆಯೆಂಬುದನ್ನು ಅವರು ಕಂಡುಕೊಂಡರು. ಮನೆಯ ಮಾತಿನ ಮೇಲಿನ ಪ್ರೀತಿಯನ್ನು ಬಿಡದೆಯೇ ನೆಲದ ಮಾತನ್ನು ತಮ್ಮ ಪ್ರಾಣದ ಮಾತನ್ನಾಗಿ ಮಾಡಿಕೊಂಡರು. ಅವರ ಮೊದಲ ಕಾವ್ಯಕೃತಿ ‘ಕೃಷ್ಣಾಕುಮಾರಿ’ ೧೯೨೨ರಲ್ಲಿ ಹೊರಬಂದಿತು.

ಅದೇ ಸುಮಾರಿಗೆ ಧಾರವಾಡದಲ್ಲಿ ಒಂದು ವಿಶಿಷ್ಟವಾದ ಸ್ನೇಹಮಂಡಲಿ ಹುಟ್ಟಿತು. ಅದಕ್ಕೆ ‘ಗೆಳೆಯರ ಗುಂಪು’ ಎಂದೇ ಹೆಸರು. ಬೇಂದ್ರೆಯವರು ಅದರ ಕೇಂದ್ರಬಿಂದು. ಸಂಶೋಧನೆಯಲ್ಲಿ ಮುಂದೆ ಹೆಸರಾದ ಶಂಬಾ ಜೋಶಿ, ‘ಆನಂದಕಂದ’ರೆಂಬ ಕಾವ್ಯನಾಮದ ಬೆಟಗೇರಿ ಕೃಷ್ಣಶರ್ಮ, ಹಲಸಂಗಿಯ ಮಧುರಚೆನ್ನ, ವಿನಾಯಕ ಕೃಷ್ಣ ಗೋಕಾಕ, ರಂ. ಶ್ರೀ. ಮುಗಳಿ ಮೊದಲಾದವರು ಒಬ್ಬರಾದ ಮೇಲೊಬ್ಬರು ಈ ಬಳಗದೊಡನೆ ಬೆರೆತರು. ಇವರೆಲ್ಲರೂ ಒಂದೇ ಊರಿನವರಲ್ಲ, ಒಂದೇ ವಯಸ್ಸಿನವರಲ್ಲ, ಒಂದೇ ಸ್ವಭಾವದವರೂ ಅಲ್ಲ. ಒಬ್ಬರು ಶಾಸ್ತ್ರವನ್ನು ಕೆದಕುವವರು. ಒಬ್ಬರು ಹಳ್ಳಿಯ ಹಾಡಿಗೆ ಮನಸೋತವರು. ಒಬ್ಬರು ಅಧ್ಯಾತ್ಮದ ಹಾದಿ ಹಿಡಿದವರು. ಮತ್ತೊಬ್ಬರು ಇನ್ನೂ ಕಾಲೇಜಿನ ವಿದ್ಯಾರ್ಥಿ. ಕನ್ನಡದ ಬಾಳು ಬೆಳಗಬೇಕೆಂಬ ಹಂಬಲವೊಂದೇ ಅವರನ್ನು ಕಟ್ಟಿದ ದಾರ.

ಗುಂಪಿನ ಸ್ನೇಹವು ಹರಟೆಯ ಸ್ನೇಹವಾಗಿರಲಿಲ್ಲ. ಒಬ್ಬರು ಬರೆದುದನ್ನು ಉಳಿದವರು ಕೇಳುತ್ತಿದ್ದರು. ಮೆಚ್ಚುಗೆಯಿದ್ದರೆ ಮನತುಂಬಿ ಮೆಚ್ಚುತ್ತಿದ್ದರು, ಕೊರತೆಯಿದ್ದರೆ ಮುಚ್ಚಿಡದೆ ತೋರಿಸುತ್ತಿದ್ದರು. ಹೊಗಳಿಕೆಯಿಂದ ಉಬ್ಬಿಸುವವನಿಗಿಂತ ದೋಷವನ್ನು ತಿದ್ದುವವನೇ ನಿಜವಾದ ಮಿತ್ರನೆಂಬುದು ಅಲ್ಲಿ ಅನುಭವದ ಮಾತಾಗಿತ್ತು. ‘ಸ್ವಧರ್ಮ’, ‘ಜಯಕರ್ನಾಟಕ’ ಪತ್ರಿಕೆಗಳಿಗಾಗಿ ಗುಂಪಿನವರು ದುಡಿದರು. ಆ ಕಾಲದಲ್ಲಿ ಕನ್ನಡ ಪತ್ರಿಕೆಯನ್ನು ನಡೆಸುವುದು ಲಾಭದ ಉದ್ಯೋಗವಾಗಿರಲಿಲ್ಲ. ಬಡ ಶಿಕ್ಷಕರೂ ವಿದ್ಯಾರ್ಥಿಗಳೂ ತಮ್ಮ ಸಮಯವನ್ನೂ ಕೈಯಲ್ಲಿದ್ದ ಅಲ್ಪಸ್ವಲ್ಪವನ್ನೂ ಅದಕ್ಕೆ ಧಾರೆಯೆರೆದರು.

ಈ ಸಹವಾಸವು ಹಲವರ ಬಾಳಿನ ದಿಕ್ಕನ್ನೇ ಬದಲಿಸಿತು. ಗೋಕಾಕರು ಇದಕ್ಕೆ ಉತ್ತಮ ನಿದರ್ಶನ. ಸವಣೂರಿನಿಂದ ಕಾಲೇಜಿನ ಓದಿಗೆಂದು ಧಾರವಾಡಕ್ಕೆ ಬಂದ ಆ ತರುಣನ ಒಲವು ಮೊದಲು ಇಂಗ್ಲಿಷ್ ಕಾವ್ಯದ ಕಡೆಗಿತ್ತು. ಬೇಂದ್ರೆಯವರ ಸಂಪರ್ಕದಿಂದ ಅವರ ಲೇಖನಿ ಕನ್ನಡಕ್ಕೆ ಹೊರಳಿತು. ಬೇಂದ್ರೆಯವರನ್ನು ಅವರು ಕಾವ್ಯಗುರುವೆಂದೇ ಭಾವಿಸಿದರು. ಹೀಗೆ ಶಾಲೆಯ ನಾಲ್ಕು ಗೋಡೆಗಳ ಹೊರಗೂ ಬೇಂದ್ರೆಯವರು ಶಿಕ್ಷಕರಾಗಿಯೇ ಇದ್ದರು. ಆದರೆ ಅಲ್ಲಿ ಗುರು ಯಾರು, ಶಿಷ್ಯ ಯಾರು ಎಂಬ ಗೆರೆ ಇರಲಿಲ್ಲ. ಮಧುರಚೆನ್ನರ ಸಾಧನೆಯಿಂದ, ಹಲಸಂಗಿಯ ಗೆಳೆಯರು ಹಳ್ಳಿಹಳ್ಳಿ ತಿರುಗಿ ಕೂಡಿಸುತ್ತಿದ್ದ ಜನಪದ ಗೀತೆಗಳಿಂದ ಬೇಂದ್ರೆಯವರೂ ಸ್ಫೂರ್ತಿ ಪಡೆದರು.

ಗುಂಪಿನ ದೃಷ್ಟಿ ಕಾವ್ಯಕ್ಕಷ್ಟೇ ಸೀಮಿತವಾಗಿರಲಿಲ್ಲ. ನವರಾತ್ರಿಯ ದಿನಗಳಲ್ಲಿ ಜನರನ್ನು ಒಂದೆಡೆ ಸೇರಿಸಿ, ನಾಡುನುಡಿಗಳ ಅಭಿಮಾನವನ್ನು ಬೆಳೆಸಬೇಕೆಂದು ೧೯೨೬ರಲ್ಲಿ ಅವರು ‘ನಾಡಹಬ್ಬ’ವನ್ನು ಆರಂಭಿಸಿದರು. ಹಬ್ಬವೆಂದರೆ ಮನೆಯೊಳಗಿನ ಪೂಜೆ ಎಂದಷ್ಟೇ ತಿಳಿದವರಿಗೆ, ನಾಡೂ ಒಂದು ದೊಡ್ಡ ಮನೆಯೆಂಬ ಭಾವನೆ ಇದರಿಂದ ಮೂಡಿತು. ಈ ಆಚರಣೆ ಕನ್ನಡದ ಇತರ ಊರುಗಳಿಗೂ ಹಬ್ಬಿತು. ೧೯೨೯ರಲ್ಲಿ ಬೆಳಗಾವಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಸೇರಿದಾಗ, ಬೇಂದ್ರೆಯವರ ಕವಿತಾವಾಚನವನ್ನು ಕೇಳಿ ಸಭಿಕರು ಬೆರಗಾದರು. ಧಾರವಾಡದ ಮಾಸ್ತರರ ಹೆಸರು ಮೈಸೂರು ಸೀಮೆಯಲ್ಲಿಯೂ ಮನೆಮಾತಾಗತೊಡಗಿತು.

ಹೊರಗೆ ಕೀರ್ತಿ ಬೆಳೆಯುತ್ತಿದ್ದರೂ ಮನೆಯೊಳಗೆ ದುಃಖಕ್ಕೆ ಕೊನೆಯಿರಲಿಲ್ಲ. ಬಡತನದ ಜೊತೆಗೆ ಸಾವೂ ಆ ಮನೆಯ ಬಾಗಿಲನ್ನು ಮತ್ತೆ ಮತ್ತೆ ತಟ್ಟಿತು. ಹುಟ್ಟಿದ ಮಕ್ಕಳಲ್ಲಿ ಹಲವರನ್ನು ದಂಪತಿಗಳು ಕಳೆದುಕೊಂಡರು. ಮಡಿಲು ಬರಿದಾದ ತಾಯಿಯನ್ನು ಸಂತೈಸಬೇಕಾದ ತಂದೆಗೂ ದುಃಖ ಅಷ್ಟೇ ಇತ್ತು. ಬೇಂದ್ರೆಯವರು ಈ ನೋವಿನಿಂದ ಓಡಿಹೋಗಲಿಲ್ಲ; ಅದನ್ನು ಕಾವ್ಯದಲ್ಲಿ ಕರಗಿಸಿದರು. ತಮ್ಮ ದಾಂಪತ್ಯದ ಸುಖದುಃಖಗಳನ್ನು ಅವರು ಮುಂದೆ ‘ಸಖೀಗೀತ’ದಲ್ಲಿ ಹಾಡಿದರು. ಹೆಂಡತಿಯನ್ನು ಸಖಿಯೆಂದು ಕರೆದುದರಲ್ಲಿಯೇ ಅವರ ಮನಸ್ಸು ತಿಳಿಯುತ್ತದೆ. ಮನೆಯ ಹೊರಗೆ ಕಲಿತ ಗೆಳೆತನದ ಧರ್ಮವನ್ನು ಅವರು ಮನೆಯೊಳಗೂ ತಂದಿದ್ದರು.

೧೯೩೨ನೆಯ ವರ್ಷವು ಅವರ ಜೀವನದಲ್ಲಿ ಮಹತ್ತ್ವದ್ದಾಯಿತು. ಕನ್ನಡ ಭಾವಗೀತೆಗೆ ಹೊಸ ರೆಕ್ಕೆ ಮೂಡಿಸಿದ ‘ಗರಿ’ ಸಂಕಲನವು ಆ ವರ್ಷ ಪ್ರಕಟವಾಯಿತು. ಅದೇ ವರ್ಷ ‘ನರಬಲಿ’ ಎಂಬ ಕವನವು ಸರಕಾರದ ಕೋಪಕ್ಕೆ ಗುರಿಯಾಯಿತು. ಪರದಾಸ್ಯದ ನೋವನ್ನು ಚಿತ್ರಿಸಿದ ಆ ಕವನದಲ್ಲಿ ಬ್ರಿಟಿಷ್ ಅಧಿಕಾರಿಗಳಿಗೆ ರಾಜದ್ರೋಹ ಕಾಣಿಸಿತು. ಕವಿಯನ್ನು ಬೆಳಗಾವಿಯ ಹಿಂಡಲಗಾ ಸೆರೆಮನೆಗೆ ಕಳುಹಿಸಲಾಯಿತು. ಅಲ್ಲಿಂದ ಹೊರಬಂದ ಮೇಲೂ ಅವರು ಸ್ವತಂತ್ರರಾಗಲಿಲ್ಲ. ಧಾರವಾಡದ ಸಮೀಪದ ಮುಗದ ಗ್ರಾಮದಲ್ಲಿ ಕೆಲವು ಕಾಲ ಸರಕಾರದ ಕಣ್ಗಾವಲಿನಲ್ಲಿ ಇರಬೇಕಾಯಿತು. ಜೊತೆಗೆ ಉದ್ಯೋಗವೂ ಹೋಯಿತು. ಸೆರೆಯಿಂದ ಬಂದ ಶಿಕ್ಷಕನನ್ನು ಕರೆದು ಕೆಲಸ ಕೊಡುವ ಧೈರ್ಯ ಅಂದಿನ ಸಂಸ್ಥೆಗಳಿಗೆ ಸುಲಭವಾಗಿರಲಿಲ್ಲ.

ಆಗ ಬೇಂದ್ರೆಯವರಿಗೆ ಮೂವತ್ತಾರು ವರ್ಷ ವಯಸ್ಸು. ಹೆಂಡತಿ ಮಕ್ಕಳಿದ್ದರು; ನಿಶ್ಚಿತವಾದ ಆದಾಯವಿರಲಿಲ್ಲ. ಆ ಕವನವನ್ನು ಬರೆಯದಿದ್ದರೆ ತಿಂಗಳ ಸಂಬಳವು ತಪ್ಪದೆ ಬರುತ್ತಿದ್ದಿತು. ಆದರೆ ಕಂಡುದನ್ನು ನುಡಿಯದೆ ಉಳಿಯುವುದು ಅವರ ಸ್ವಭಾವವಲ್ಲ. ನಿರುದ್ಯೋಗದ ವರ್ಷಗಳಲ್ಲಿಯೂ ಅವರ ಬರವಣಿಗೆ ನಿಲ್ಲಲಿಲ್ಲ, ಕಲಿಕೆಯೂ ನಿಲ್ಲಲಿಲ್ಲ. ಶಿಕ್ಷಕನಾದವನು ಮತ್ತೆ ವಿದ್ಯಾರ್ಥಿಯಾಗುವುದಕ್ಕೆ ನಾಚದೆ, ೧೯೩೫ರಲ್ಲಿ ಎಂ.ಎ. ಪದವಿಯನ್ನು ಪಡೆದರು. ‘ಸಖೀಗೀತ’ ೧೯೩೭ರಲ್ಲಿ, ‘ನಾದಲೀಲೆ’ ಮತ್ತು ‘ಉಯ್ಯಾಲೆ’ ೧೯೩೮ರಲ್ಲಿ ಪ್ರಕಟವಾದವು. ಕೈ ಬರಿದಾಗಿದ್ದ ಕಾಲದಲ್ಲಿಯೇ ಕನ್ನಡದ ಬೊಕ್ಕಸವನ್ನು ಅವರು ತುಂಬಿದರು. ೧೯೪೩ರಲ್ಲಿ ಶಿವಮೊಗ್ಗೆಯಲ್ಲಿ ನಡೆದ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. ೧೯೪೪ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕ ಹುದ್ದೆ ದೊರೆಯಿತು. ಇಪ್ಪತ್ತೆರಡರ ಹರೆಯದಲ್ಲಿ ಕೈಗೊಂಡ ವೃತ್ತಿಯು ಬಹುಕಾಲದ ಅಲೆದಾಟದ ಬಳಿಕ ಮತ್ತೆ ಅವರನ್ನು ಬರಮಾಡಿಕೊಂಡಿತು. ೧೯೫೬ರವರೆಗೆ ಅವರು ಅಲ್ಲಿ ಪಾಠ ಹೇಳಿದರು. ಚದುರಿಹೋಗಿದ್ದ ಕನ್ನಡನಾಡು ಒಂದಾದುದೂ ಅದೇ ವರ್ಷ.

ಆ ಬಳಿಕ ಅವರು ಧಾರವಾಡಕ್ಕೆ ಮರಳಿದರು. ಸಾಧನಕೇರಿಯ ಅವರ ಮನೆ ಸಾಹಿತ್ಯಪ್ರಿಯರಿಗೆ ಯಾತ್ರಾಸ್ಥಳವಾಯಿತು. ‘ಅರಳು ಮರಳು’ ಕೃತಿಗೆ ೧೯೫೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ‘ನಾಕು ತಂತಿ’ಗೆ ೧೯೭೩ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಸಂದವು. ಗುಂಪಿನ ಗೆಳೆಯರೂ ಒಬ್ಬೊಬ್ಬರು ಒಂದೊಂದು ಕ್ಷೇತ್ರದಲ್ಲಿ ಬೆಳಗಿದರು. ಮುಗಳಿಯವರು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದರು. ಶಂಬಾ ಅವರು ಕನ್ನಡ ಸಂಸ್ಕೃತಿಯ ಬೇರುಗಳನ್ನು ಶೋಧಿಸಿದರು. ಗೋಕಾಕರಿಗೂ ಮುಂದೆ ಜ್ಞಾನಪೀಠದ ಗೌರವ ಲಭಿಸಿತು. ಬೇಂದ್ರೆಯವರು ೧೯೮೧ರ ಅಕ್ಟೋಬರ್ ೨೬ರಂದು ಮುಂಬಯಿಯಲ್ಲಿ ನಿಧನರಾದರು.

ಒಂದು ಕೆಲಸ, ಒಂದು ಮನೆ ದೊರೆತರೆ ಬಾಳಿನಲ್ಲಿ ನೆಲೆ ನಿಂತಂತಾಯಿತೆಂದು ಲೋಕವು ಭಾವಿಸುತ್ತದೆ. ಬೇಂದ್ರೆಯವರ ಕೆಲಸ ಹೋಗಿತ್ತು. ಮನೆಯಲ್ಲಿ ದುಃಖ ತುಂಬಿತ್ತು. ಆದರೂ ಅವರು ನೆಲೆ ತಪ್ಪಲಿಲ್ಲ. ತಾಯಿಯ ಋಣದ ನೆನಪು, ಸಖಿಯಾಗಿ ನಿಂತ ಹೆಂಡತಿ, ತಿದ್ದಿ ನಡೆಸಿದ ಗೆಳೆಯರು, ನಂಬಿ ಹಿಡಿದ ನುಡಿ ಇವು ಅವರನ್ನು ಹೊತ್ತು ನಿಲ್ಲಿಸಿದ ನಾಲ್ಕು ಕಂಬಗಳಾಗಿದ್ದವು. ಸಂಬಳದ ಪಟ್ಟಿಯಿಂದ ಹೆಸರು ಅಳಿಸಿಹೋದರೂ ಅಳಿಯದಂಥ ಬಾಳನ್ನು ಆ ತರುಣ ಶಿಕ್ಷಕನು ಕಟ್ಟಿಕೊಂಡಿದ್ದನು.