ಕ್ರೀಡಾಗುರು ಕ್ನೂಟ್ ರಾಕ್ನಿ

ರೋಣ, ನರಗುಂದ, ಗಜೇಂದ್ರಗಡಗಳ ಕಡೆ ಪೈಲ್ವಾನನು ಗೆದ್ದರೆ ಅವನ ವಸ್ತಾದರು ಯಾರೆಂದು ನಾವು ಕೇಳುವುದುಂಟು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿಯೂ ಶ್ರೇಷ್ಠ ಗುರು ಯಾರೆಂಬ ವಾದ ಇನ್ನೂ ಮುಗಿದಿಲ್ಲ. ಅದರಲ್ಲಿ ತಪ್ಪದೆ ಬರುವ ಹೆಸರು ರಾಕ್ನಿಯವರದು.

1888ರಲ್ಲಿ ನಾರ್ವೆಯಲ್ಲಿ ಜನಿಸಿದ ಅವರು ಐದನೆಯ ವಯಸ್ಸಿನಲ್ಲಿ ಚಿಕಾಗೋ ಸೇರಿದರು. ಅಂಚೆ ಕಚೇರಿಯಲ್ಲಿ ದುಡಿದು ಹಣ ಕೂಡಿಸಿ, 22ರ ಪ್ರಾಯದಲ್ಲಿ ಹೋಲಿ ಕ್ರಾಸ್ ಗುರುಗಳ ನೋಟರ್ ಡೇಮ್ ವಿಶ್ವವಿದ್ಯಾಲಯವನ್ನು ಪ್ರವೇಶಿಸಿದರು. ಮುಂದೆ ಅಲ್ಲಿಯೇ ರಸಾಯನಶಾಸ್ತ್ರ ಬೋಧಿಸಿದರು. 1918ರಿಂದ 1930ರವರೆಗೆ ಅವರ ತಂಡ 105 ಪಂದ್ಯಗಳನ್ನು ಗೆದ್ದಿತು. ಸೋತದ್ದು 12, ಸಮವಾದದ್ದು 5. ಲೂಥರನ್ ಮನೆತನದ ಅವರು, ಪರಸ್ಥಳದ ಪಂದ್ಯಗಳಲ್ಲಿಯೂ ಬೆಳಗಿನ ಪೂಜೆ ತಪ್ಪಿಸದ ತಮ್ಮ ಆಟಗಾರರನ್ನು ಕಂಡು ಮನಸೋತರೆಂದು ಹೇಳುತ್ತಾರೆ. 1925ರ ನವೆಂಬರ್ 20ರಂದು ಕಥೋಲಿಕ ಧರ್ಮಸಭೆಯಲ್ಲಿ ದೀಕ್ಷಾಸ್ನಾನ ಪಡೆದರು.

1931ರ ಮಾರ್ಚ್ 31ರಂದು ಕ್ಯಾನ್ಸಾಸ್ ಪ್ರಾಂತದಲ್ಲಿ ವಿಮಾನದ ಮರದ ರೆಕ್ಕೆ ಮುರಿದು, ಅದರಲ್ಲಿದ್ದ ಎಂಟು ಮಂದಿಯೂ ಮಡಿದರು. ರಾಕ್ನಿಯವರಿಗೆ ಆಗ 43 ವರ್ಷ.

ಅವರ ಶಿಷ್ಯ ಫ್ರ್ಯಾಂಕ್ ಲೇಹಿಯವರು ಅದೇ ವಿದ್ಯಾಲಯಕ್ಕೆ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ತಂದರು, ಗುರುವಿನದು ಮೂರು. ಗೆಲುವಿನ ಪ್ರಮಾಣದಲ್ಲಿ ಮಾತ್ರ ಗುರುವೇ ಮುಂದು. ಲೇಹಿಯವರನ್ನು ಸಿದ್ಧಗೊಳಿಸಿದವರೂ ರಾಕ್ನಿಯವರೇ ಎಂಬುದನ್ನು ವಾದಿಗಳು ಲೆಕ್ಕಕ್ಕೆ ಹಿಡಿಯಬೇಕೆಂದು ನಮ್ಮ ಅಭಿಪ್ರಾಯ.